ಮಾಮಾನ ಸುತ್ತುದಾರಿ

ನಮ್ಮ ಮಾಮಾನಿಗೆ ರಿವರ್ಸ್ ಗೇರ್ ಇಲ್ಲ. ಅವರ ಮೋಟರ್ ಸೈಕಲ್ಲಿಗೂ ಇಲ್ಲ, ಅದಿರಲಿ. ನಾನು ಹೇಳುತ್ತಿರುವುದು ಮನುಷ್ಯನ ವಿಷಯ.

ಹೋದ ದಾರಿಯಲ್ಲಿ ಅವರು ವಾಪಸು ಬರುವುದಿಲ್ಲ. ಝಳಕಿಯ ಹೆದ್ದಾರಿ ಪಕ್ಕದಲ್ಲಿ ಅವರದೊಂದು ಹೊಲಿಗೆ ಅಂಗಡಿ. ಬೆಳಿಗ್ಗೆ ಮನೆಯಿಂದ ನೇರ ಓಣಿ ಹಿಡಿದು ಹೋಗುತ್ತಾರೆ, ಊಟಕ್ಕೆ ಬರುವಾಗ ಹಿಟ್ಟಿನ ಗಿರಣಿ ಸುತ್ತಿ ಬರುತ್ತಾರೆ. ಹೊರ್ತಿಯ ಮದುವೆಗೆ ಹೋದರಂತೂ ಮುಗಿಯಿತು. ಉಳಿದವರೆಲ್ಲ ಹೆದ್ದಾರಿಯಲ್ಲಿ ಬಂದು, ಮಲಗಿ ಎದ್ದು, ಚಹಾ ಕುಡಿಯುವ ಹೊತ್ತಿಗೆ ಇವರು ಇಂಡಿ ಸುತ್ತಿಕೊಂಡು ಬಂದು ಬಾಗಿಲು ಬಡಿಯುತ್ತಾರೆ.

"ನನ್ನ ನೋಡಾಕ ಬಂದಾಗೂ ಹಿಂಗ," ಎನ್ನುತ್ತಾಳೆ ಅತ್ತೆ. "ಮುಂಚಿ ಬಾಗಿಲಿಂದ ಬಂದ್ರು, ಹಿತ್ತಲ ಬಾಗಿಲಿಂದ ಹ್ವಾದ್ರು. ನಮ್ಮಪ್ಪ, ಹುಡುಗ ನಿನ್ನ ನೋಡಿ ಓಡಿಹ್ವಾದ ಅಂತ ಎರಡು ದಿನ ಊಟಾ ಬಿಟ್ಟಿದ್ದ."

ದಿನಚರಿ ಬರೆಯುವ, ಪ್ರತಿಯೊಂದಕ್ಕೂ ತಾರೀಖು ಹಾಕಿ ಲೆಕ್ಕವಿಡುವ ನನಗೆ ಈ ಮನುಷ್ಯ ಒಂದು ಸಂಕಟ. ಹೋದ ದೂರವನ್ನು ಎರಡರಿಂದ ಗುಣಿಸಿದರೆ ಒಟ್ಟು ದೂರ ಬರಬೇಕಲ್ಲವೇ? ಮಾಮಾನ ಜೊತೆ ಹೋದ ದಿನ ಆ ಗಣಿತ ನಡೆಯುವುದಿಲ್ಲ.

ಆದರೂ ಕರೆದಾಗ ಹೋಗುತ್ತೇನೆ. ಕಾರಣ, ಅವರು ಕರೆಯುವ ರೀತಿ. ನನಗೆ ಇಟ್ಟಿರುವುದು ತೀರಿಹೋದ ಅಜ್ಜಿಯ ಹೆಸರು. ಹೆತ್ತ ತಾಯಿಯ ಹೆಸರು ಹಿಡಿದು ಯಾರಾದರೂ ಕೂಗುತ್ತಾರೆಯೇ? ಹಾಗಾಗಿ ಮಾಮಾ ನನ್ನನ್ನು "ಅವ್ವಾ" ಎನ್ನುತ್ತಾರೆ. ಚಿಕ್ಕವಳಿದ್ದಾಗ ಅವರ ಪೇರಲ ಗಿಡ ಹತ್ತಿ ಟೊಂಗೆ ಮುರಿದಿದ್ದೆ. ಕೋಲು ಹಿಡಿದು ಬೈಯಲು ಬಂದವರು, "ಇಳಿ ಯವ್ವಾ, ನಿನ್ನ ಕಾಲಿಗೆ ಬೀಳ್ತೇನಿ," ಎಂದು ಕೈಮುಗಿದು ಒಳಗೆ ಹೋದರು.

ನಾವಿಬ್ಬರೂ ವರ್ಷಕ್ಕೊಮ್ಮೆ ಹೋಗುವ ನಡಿಗೆಯೊಂದಿದೆ. ಮಹಾನವಮಿ ಅಮಾವಾಸ್ಯೆಯಂದು ಜನ ತಮ್ಮ ಹಿರಿಯರಿಗೆ ಎಡೆ ಇಡುತ್ತಾರೆ. ಗೋರಿ ಇದ್ದವರು ಗೋರಿಗೇ ಒಯ್ಯುತ್ತಾರೆ. ನಮ್ಮ ಅಜ್ಜಿಯ ಗೋರಿ ಮುದ್ದೇಬಿಹಾಳದ ಕಡೆ, ಕೃಷ್ಣೆಯ ಹಿನ್ನೀರಿನ ತಳದಲ್ಲಿದೆ. ಮಾಮಾನ ಹುಟ್ಟೂರೂ ಅಲ್ಲೇ ಇದೆ. ಆದ್ದರಿಂದ ಮಾಮಾ ಎಡೆಯನ್ನು ದಂಡೆಯ ಗುಡ್ಡದ ಮೇಲಿರುವ ಬೇರೆ ಯಾರದೋ ಗೋರಿಗೆ ಒಯ್ಯುತ್ತಾರೆ. ಯಾರದೆಂದರೆ, ಸಾವಿರಾರು ವರ್ಷಗಳ ಹಿಂದೆ ಕಬ್ಬಿಣ ಕಾಯಿಸುವುದನ್ನು ಆಗಷ್ಟೇ ಕಲಿತಿದ್ದ ಜನರದು! ಮೂರು ಕಡೆ ನಿಲ್ಲಿಸಿದ ಆಳೆತ್ತರದ ಬಂಡೆಗಳು, ಮೇಲೊಂದು ಹಾಸುಗಲ್ಲು. ಆ ಹಳೆಯ ಜನರನ್ನು ಮೋರೇರು ಎಂದು ಕರೆಯುವ ಸುತ್ತಲಿನವರು ಇದನ್ನು ಮೋರೇರ ಮನಿ ಎನ್ನುತ್ತಾರೆ.

ಈ ವರ್ಷ ಹೊರಡುವಾಗ ಬುತ್ತಿ ಕಟ್ಟುತ್ತ ಅತ್ತೆ ಕೇಳಿದಳು: "ಅಲ್ರೀ, ಆ ಕಾಲದವರಿಗೆ ಹೋಳಿಗಿ ಅಂದ್ರ ಗೊತ್ತಿತ್ತೇನು?"

"ಗೊತ್ತಿದ್ದಿಲ್ಲ ಅಂತನ ಒಯ್ಯಾಕತ್ತೇನಿ. ಪಾಪ, ತಿನ್ನದ ಸತ್ತಾರ."

ಇಂಡಿ, ಸಿಂದಗಿ ದಾಟಿ ಹಿನ್ನೀರು ತಲುಪಿದೆವು. ಬರುವಾಗ ಬಸವನ ಬಾಗೇವಾಡಿ ಮೇಲೆ, ಅದು ಹೇಳಬೇಕಾಗಿಲ್ಲ. ನಡೆಯುವ ದಾರಿಯೂ ಉಂಗುರದಂತೆ ಇದೆ. ಗಾಡಿ ನಿಲ್ಲಿಸಿ, ಜಾಲಿ ಕಂಟಿಯ ನಡುವೆ ಗುಡ್ಡ ಹತ್ತಿ, ಕಲ್ಲುಮನೆ ನೋಡಿ, ಆಚೆ ಬದಿಯಲ್ಲಿ ಇಳಿದು, ನೀರಿನ ಅಂಚಿನಲ್ಲೇ ನಡೆದರೆ ಮತ್ತೆ ಗಾಡಿ. ಮಾಮಾನಿಗೆಂದೇ ಯಾರೋ ಹಾಕಿಸಿದಂತಿರುವ ದಾರಿ.

ಎಡೆ ಇಟ್ಟು, ಮಾಮಾ ಬಂಡೆಯ ಮೇಲೆ ಕೈಯಿಟ್ಟು ವಿಚಾರಿಸಿದರು: "ಆರಾಮ ಅದೀರಿಲ್ರಿ? ನಮ್ಮಕಿ ಇಲ್ಲೇ ಕೆಳಗ ನೀರಾಗ ಅದಾಳ. ಸ್ವಲ್ಪ ನೋಡ್ಕೋರಿ."

ಆಮೇಲೆ ಆಚೆ ಬದಿಗೆ ಬಂದು ನಿಂತೆವು. ಈ ಸಲ ಮೇಲುಗಡೆ ಮಳೆ ಜೋರು. ಇಳಿಯುವ ದಾರಿ ಅರ್ಧಕ್ಕೇ ನೀರಿನೊಳಗೆ ಹೋಗಿತ್ತು. ದಂಡೆಯ ಜಾಲಿ ಗಿಡಗಳ ತುದಿಗಳಷ್ಟೇ ಮೇಲೆ ಕಾಣುತ್ತಿದ್ದವು.

"ಬಂದ ದಾರೀಲೆ ಹೋಗೂನು ಬರ್ರಿ ಮಾಮಾ," ಎಂದೆ.

ಮಾಮಾ ಅಲ್ಲೇ ಕಲ್ಲುಮನೆಯ ನೆರಳಲ್ಲಿ ಕುಳಿತರು. "ಇಲ್ಲೇ ಇರೂನು."

"ಎಷ್ಟೊತ್ತನ?"

"ನೀರು ಇಳಿಯೂತನ."

"ಅದು ಇಳಿಯೂದು ಬ್ಯಾಸಗಿಗೆ."

"ಬುತ್ತಿ ಐತೆಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. ಹೊತ್ತು ಇಳಿಯುತ್ತಿತ್ತು, ಅವರು ಏಳುವ ಲಕ್ಷಣವೇ ಇರಲಿಲ್ಲ. ಇಷ್ಟು ವರ್ಷ ನಾವೆಲ್ಲ ನಕ್ಕ ಹುಚ್ಚುತನಕ್ಕೆ ಕಾರಣವೇನೆಂದು ಯಾರೂ ಅವರ ಎದುರು ಕುಳಿತು ಕೇಳಿರಲಿಲ್ಲ. ಕೇಳಿದೆ.

"ಊರು ಬಿಟ್ಟ ದಿನ ಟ್ರ್ಯಾಕ್ಟರಿನ್ಯಾಗ ಸಾಮಾನ ಹೇರಿದ್ವಿ," ಎಂದರು ನೀರು ನೋಡುತ್ತ. "ಗಡಿಬಿಡಿ. ಅವ್ವನ ಗೋರಿಗೆ ನಾಳೆ ಬಂದು ಕೈಮುಗದ್ರಾತು ಅಂದ್ಕೊಂಡೆ. ಮರುದಿನ ಅದ ದಾರಿ ಹಿಡದು ಹ್ವಾದೆ. ಹಳ್ಳದ ಮಟಾ ದಾರಿ ಇತ್ತು. ಮುಂದ ಬರೇ ನೀರು."

ಕಾಲ ಬಳಿಯ ಹರಳೊಂದನ್ನು ಎತ್ತಿ ನೀರಿನ ಕಡೆಗೆ ಎಸೆದರು.

"ಹೋದ ದಾರಿ ನಮ್ಮ ಸಲುವಾಗಿ ಕಾಯ್ಕೋತ ಕುಂತಿರತೈತಿ ಅನ್ನೂದು ಸುಳ್ಳವ್ವಾ. ಹೊಳ್ಳಿ ಹೋಗಿ, ಅದು ಇಲ್ಲ ಅಂತ ನೋಡೂದಕ್ಕಿಂತ ಹೊಳ್ಳದ ಇರೂದ ಚಲೋ."

ನಾನು ಎದ್ದು, ನಾವು ಹತ್ತಿ ಬಂದಿದ್ದ ದಾರಿಯಲ್ಲಿ ಒಬ್ಬಳೇ ಇಳಿದೆ. ಹಿಂದಿನಿಂದ "ಯವ್ವಾ, ಬ್ಯಾಡ" ಎಂದದ್ದು ಕೇಳಿಸಿತು. ಗಾಡಿ ಕಾಣುವ ತಿರುವಿನವರೆಗೆ ಹೋಗಿ, ಏದುಸಿರು ಬಿಡುತ್ತ ಮತ್ತೆ ಮೇಲೆ ಬಂದೆ.

"ಐತಿ ಮಾಮಾ. ದಾರಿ ಹಂಗ ಐತಿ. ನಮ್ಮ ಚಪ್ಪಲಿ ಗುರ್ತೂ ಅಳಿಸಿಲ್ಲ."

ಮಾಮಾ ಎದ್ದು ನಿಂತಿದ್ದರು. ನನ್ನನ್ನು ಮುಖದಿಂದ ಕಾಲಿನವರೆಗೆ ನೋಡಿದರು.

"ಹೊಳ್ಳಿ ಬಂದೇನವ್ವಾ?"

"ಬಂದ್ನೆಲ್ಲ."

ಅವರು ಬಂಡೆಗೆ ಕೈಮುಗಿದು ನನ್ನ ಹಿಂದೆ ಹೊರಟರು. ಒಂದೊಂದು ಹೆಜ್ಜೆಗೂ ನೆಲ ಮುಟ್ಟಿ ನೋಡುವವರಂತೆ ನಡೆದರು. ಗಾಡಿ ಕಂಡಾಗ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು. ಬೆವರೋ ಏನೋ, ನಾನು ನೋಡಲು ಹೋಗಲಿಲ್ಲ. ಗಾಡಿ ಹತ್ತಿದವರೇ ಬಾಗೇವಾಡಿಯ ಕಡೆಗೆ ತಿರುಗಿಸಿದರು.

"ಮಾಮಾ, ಮತ್ತ?"

"ಒಂದ ದಿನಕ್ಕ ಎರಡು ಬ್ಯಾಡವ್ವಾ."

ಮನೆಗೆ ಬಂದು ದಿನಚರಿಗೆ ತಾರೀಖು ಹಾಕಿದೆ. ಗುಡ್ಡ ಹತ್ತಿದ ದೂರವನ್ನು ಬರೆದು, ಮೊದಲ ಸಲ ಎರಡರಿಂದ ಗುಣಿಸಿದೆ.