ಸೋಮವಾರದ ಸ್ನ್ಯಾಪ್‌ಶಾಟ್

ನಮ್ಮ ಉಮರ್ಗಾದ ಕಚೇರಿಗೆ ಕಂಪ್ಯೂಟರ್ ಬಂದ ಮೇಲೆ ನಗುವಂಥ ಪ್ರಸಂಗಗಳೇನೂ ಕಡಿಮೆಯಾಗಲಿಲ್ಲ, ನಗುವ ಮನಸ್ಸು ಮಾತ್ರ ಕಡಿಮೆಯಾಯಿತು. ಲಾತೂರು ಭೂಕಂಪದ ನಂತರ ಸರ್ಕಾರ ಕೊಟ್ಟ ಮನೆಗಳ ಹಕ್ಕುಪತ್ರಗಳನ್ನು ಸ್ಕ್ಯಾನ್ ಮಾಡಿಡುವುದು ನನ್ನ ಕೆಲಸ. ಸ್ಕ್ಯಾನ್ ಆದ ಮೂಲ ಕಾಗದಗಳನ್ನು ಗೆದ್ದಲು ತಿಂದು ಮುಗಿಸಿತ್ತು.

೧. ಭಕ್ತಿಯ ಭಾರ

ಪತ್ರಗಳೆಲ್ಲ ಇದ್ದದ್ದು ವರ್ಚುವಲ್ ಮಷೀನಿನಲ್ಲಿ. ಅಂದರೆ ದೊಡ್ಡ ಮಷೀನಿನೊಳಗೆ ವಾಸವಿರುವ ತೋರಿಕೆಯ ಮಷೀನು. ಅದು ಇದ್ದ ಸ್ಥಿತಿಯನ್ನು ಇದ್ದ ಹಾಗೇ ಹಿಡಿದಿಟ್ಟರೆ ಅದೇ ಸ್ನ್ಯಾಪ್‌ಶಾಟ್. ಜಂಗಮನಾದ ನಾನು ಪ್ರತಿ ಸೋಮವಾರ ಲಿಂಗಪೂಜೆ ಮುಗಿಸಿ ಬಂದು, ಮಷೀನಿಗೆ ವಿಭೂತಿ ಹಚ್ಚಿ, ಒಂದೊಂದು ತೆಗೆಯುತ್ತಿದ್ದೆ. ಸೋಮವಾರದ್ದೆಂದು ಒಂದನ್ನೂ ಅಳಿಸಲು ಕೈ ಬರಲಿಲ್ಲ. ಡಿಸ್ಕು ತುಂಬಿ ಮಷೀನು ನಿಂತಿತು.

ಸಾಹೇಬರು ಅಂದರು: "ಸ್ವಾಮಿ, ನಿಮ್ಮ ಭಕ್ತಿಗಿ ಜಾಗಾ ಸಾಲವಲ್ದಲ್ರೀ!"

೨. ದರ್ಶನ

ಕೆಲವು ಸ್ನ್ಯಾಪ್‌ಶಾಟ್ ಅಳಿಸಿ ಮಷೀನನ್ನು ಎಬ್ಬಿಸಿದರೆ, ಕಡತಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ ಕೆಟ್ಟಿತ್ತು. ಓದಬಹುದು, ಬರೆಯಲಾಗದು. ಅದೇ ದಿನ ಮಾಕಣಿ ಕಡೆಯ ಮುದುಕಿಯೊಬ್ಬಳು ಬಂದಳು. ಗಂಡ ತೀರಿದ್ದ. ಹಕ್ಕುಪತ್ರದ ನಕಲು ತೋರಿಸದಿದ್ದರೆ ಮೈದುನ ಮನೆ ಕಸಿಯುವವನಿದ್ದ. ಪರದೆಯ ಮೇಲೆ ಪತ್ರ ಕಂಡಿತು.

"ಇದೇ ನೋಡ್ರಿ ಅಯ್ಯನವ್ರ, ನಮ್ಮ ಮನಿಯವ್ರ ಹೆಬ್ಬಟ್ಟು!"

ನಕಲು ಕೊಡುವ ಕಾರಕೂನ ತಡೆದ. "ನಕಲು ಕೊಟ್ಟೀವಂತ ಮಷೀನಿನಾಗ ಬರೀದ ನಕಲು ಕೊಡಂಗಿಲ್ಲ, ಮಷೀನು ಬರ್ಯಾಕ ಬಿಡವಲ್ದು. ನೋಡ್ಕೋರಿ ಆಜಿ, ನೋಡ್ಲಿಕ್ಕಿ ಪರವಾನಗಿ ಬ್ಯಾಡ."

ಆಕೆ ಕೈಮುಗಿದು, ಗಂಡನ ಹೆಬ್ಬಟ್ಟಿನ ದರ್ಶನ ಮಾಡಿಕೊಂಡು ಹೋದಳು.

೩. ಛಲೋ ದಿನ

ಫೈಲ್ ಸಿಸ್ಟಮ್ ತಪಾಸಣೆ ಮಾಡಿದರೆ ಸರಿಹೋದೀತು, ಎರಡು ದಿನ ಬೇಕು ಎಂದೆ. ಮರುದಿನವೇ ಲಾತೂರಿನಿಂದ ದೊಡ್ಡ ಸಾಹೇಬರು ಬರುವವರು. ನಮ್ಮ ಸಾಹೇಬರು, "ಯಾವುದರೆ ಛಲೋ ದಿನದ ಸ್ನ್ಯಾಪ್‌ಶಾಟಿಗಿ ಹಿಂದ ಹೋಗೂಣು" ಎಂದು ಪಂಚಾಂಗ ತೆಗೆದರು. ಹಿಂದಿನ ವರ್ಷದ ಶ್ರಾವಣದ ಕಡೇ ಸೋಮವಾರ ಸಿಕ್ಕಿತು.

"ಸಾಹೇಬ್ರ, ಅಲ್ಲಿಂದೀಚಿನ ಕಾಗದ ಎಲ್ಲಾ ಹೋಗ್ತಾವ್ರೀ."

"ಸ್ವಾಮಿ ಆಗಿ ಶ್ರಾವಣ ಸೋಮವಾರಕ್ಕ ಅಡ್ಡ ಬರ್ತೀರೇನ್ರೀ?"

ನಾನು ಮೌಸು ಅವರ ಕೈಗೆ ಬಿಟ್ಟೆ. ಶಿವನೂ ಅಡ್ಡ ಬರಲಿಲ್ಲ. ಮಷೀನನ್ನು ಆ ಸೋಮವಾರಕ್ಕೆ ಒಯ್ದು, ಉಳಿದ ಸ್ನ್ಯಾಪ್‌ಶಾಟುಗಳನ್ನೆಲ್ಲ ಅಳಿಸಿದರು. ದೊಡ್ಡ ಸಾಹೇಬರು ಬಂದು ಮಷೀನಿನ ಆರೋಗ್ಯ ಮೆಚ್ಚಿಕೊಂಡು ಹೋದರು.

೪. ದಾಖಲೆ

ಮುದುಕಿ ಮತ್ತೆ ಬಂದಳು. ಅವಳ ಪತ್ರ ಸ್ಕ್ಯಾನ್ ಆದದ್ದು ಆ ಶ್ರಾವಣ ಕಳೆದ ಮೇಲೆ. ಕಾರಕೂನ ಪರದೆ ನೋಡಿ, "ಆಜಿ, ನಿಮ್ಮ ಮನೀನೇ ಇಲ್ಲಲ್ರೀ" ಎಂದ.

ಆಕೆ ಸೊಂಟದಿಂದ ಚಾವಿ ತೆಗೆದು ಮೇಜಿನ ಮೇಲಿಟ್ಟಳು. "ಇಲ್ಲದ ಮನಿಗಿ ಮುಂಜಾನಿ ನಾ ಕೀಲಿ ಹ್ಯಾಂಗ ಹಾಕಿ ಬಂದೆಪಾ?"

ಕಾರಕೂನ ಚಾವಿಯನ್ನು ತಿರುಗಿಸಿ ನೋಡಿದ. "ಹಂಗಿದ್ರ ಆ ಚಾವಿದು ಒಂದು ಝೆರಾಕ್ಸ್ ಕೊಡ್ರಿ."

ಕೊಟ್ಟಳು. ನಾನೇ ಸ್ಕ್ಯಾನ್ ಮಾಡಿದೆ. ಬಹಳ ಚೆಂದ ಬಂದಿದೆ. ಮನೆಗೆ ಈಗ ಮೈದುನನ ಕೀಲಿ.