ಹೊಟ್ಟೆಗೆ ಕಟ್ಟಿದ ಮುದ್ದೆ

ನಮ್ಮ ಅಮ್ಮನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆ ಕಾಲ ಒಂದು ಭಾನುವಾರ ಮಧ್ಯಾಹ್ನ ಮುಗಿಯಿತು.

ತೊಂಬತ್ತರ ದಶಕದ ಮಾತು. ಗೌರಿಬಿದನೂರಿನ ಪಕ್ಕದ ಕುಡುಮಲಕುಂಟೆಯಲ್ಲಿ ಒಂದು ಫ್ಯಾಕ್ಟರಿ. ಅದರಲ್ಲಿ ನಾನು ಸ್ಟೋರ್ ಕೀಪರ್. ಬೆಂಗಳೂರಿನ ಆಚೆ ಭಾರಿ ಪಾರ್ಕೊಂದು ತೆರೆದಿದ್ದಾರೆ, ಅಲ್ಲಿ ಮನುಷ್ಯರನ್ನು ತಲೆಕೆಳಗು ಮಾಡಿ, ಹಾಗೆ ಮಾಡಿದ್ದಕ್ಕೆ ಅವರಿಂದಲೇ ದುಡ್ಡು ಇಸ್ಕೊಳ್ಳುತ್ತಾರೆ ಎಂಬ ಸುದ್ದಿ ನಮ್ಮಲ್ಲಿಗೂ ಬಂದಿತ್ತು. ಫ್ಯಾಕ್ಟರಿಯವರು ನಮ್ಮನ್ನೆಲ್ಲ ಬಸ್ಸಿನಲ್ಲಿ ಅಲ್ಲಿಗೆ ಕರೆದೊಯ್ಯುವುದಾಗಿ ನೋಟಿಸ್ ಹಾಕಿದರು. ಜೊತೆಗೆ ಮನೆಯವರು ಒಬ್ಬರು ಬರಬಹುದು!

ನನ್ನ ಹೆಂಡತಿ ಶಾರದ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು. "ನನಗೆ ತೊಟ್ಟಿಲು ತೂಗಿದ್ರೇ ತಲೆ ತಿರುಗ್ತದೆ. ಅತ್ತೇನ ಕರ್ಕೊಂಡೋಗಿ."

ಅಮ್ಮ ಕುಣಿದಾಡುವುದೊಂದೇ ಬಾಕಿ. ನನಗೆ ಮಾತ್ರ ಒಂದೇ ಚಿಂತೆ. ಅಮ್ಮ ಜನ್ಮದಲ್ಲಿ ಹೋಟೆಲ್ಲಿನ ಮೆಟ್ಟಿಲು ಹತ್ತಿದವಳಲ್ಲ. ಮಧ್ಯಾಹ್ನಕ್ಕೆ ಅವಳ ಮುದ್ದೆ ಇಲ್ಲದಿದ್ದರೆ ಉಪವಾಸವೇ ಗತಿ!

"ಅಮ್ಮ ಹೊರಗಡೆ ಏನೂ ಮುಟ್ಟಲ್ಲ" ಎಂದೆ.

"ಕೇಳಿದ್ದೀರಾ?" ಎಂದಳು ಶಾರದ.

"ಕೇಳೋದೇನು ಬಂತು? ನಾನು ಅವಳ ಮಗ!"

ನನ್ನ ಮಾತಿಗೆ ಸಾಕ್ಷಿ ಹೇಳುವಂತೆ ಅಮ್ಮ ಕೋಳಿ ಕೂಗುವ ಮೊದಲೇ ಎದ್ದು ಎರಡು ಮುದ್ದೆ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ, ಹುರುಳಿಕಾಳಿನ ಸಾರನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಗಂಟು ಹಾಕಿದಳು. ಬಸ್ ಹತ್ತುವಾಗ ಗಂಟನ್ನು ನನ್ನ ಕೈಗೇ ಕೊಟ್ಟಳು. "ಮುದ್ದೆ ಜೋಪಾನ ಕಣಪ್ಪ." ಅವಳ ಹೊಟ್ಟೆಯ ಜವಾಬ್ದಾರಿಯೇ ನನ್ನ ಕೈಗೆ ಬಂತೆಂದು ನನ್ನ ಎದೆ ತುಂಬಿ ಬಂತು.

ಪಾರ್ಕಿನ ಬಾಗಿಲಲ್ಲಿ ಆಳೆತ್ತರದ ಬೋರ್ಡು. ಹೊರಗಿನ ತಿಂಡಿ ತಿನಿಸು ಒಳಗೆ ತರುವಂತಿಲ್ಲ! ವಾಚ್‌ಮನ್ ಒಬ್ಬ ಎಲ್ಲರ ಚೀಲವನ್ನೂ ಬಿಚ್ಚಿಸಿ ನೋಡುತ್ತಿದ್ದ. ಅಮ್ಮ ಆಗಲೇ ಹೆಂಗಸರ ಗುಂಪಿನ ಜೊತೆ ಮುಂದೆ ಹೋಗಿ, ಬಾಯಿ ತೆರೆದು ಜಯಂಟ್ ವೀಲ್ ನೋಡುತ್ತಾ ನಿಂತಿದ್ದಳು. ನಾನು ನಮ್ಮ ಸ್ಟೋರಿನಲ್ಲೇ ಕೆಲಸ ಮಾಡುವ ಅಲೀಪುರದ ಹುಸೇನನನ್ನು ಬಸ್ಸಿನ ಹಿಂದಕ್ಕೆ ಎಳೆದುಕೊಂಡು ಹೋದೆ.

"ವಯಸ್ಸಾದವ್ರು ಅಂತ ಕೇಳಿ ನೋಡಣ ಅಣ್ಣ, ಬಿಟ್ರೂ ಬಿಡ್ತಾರೆ" ಎಂದ ಹುಸೇನ.

"ಕೇಳಿದ್ರೆ ತಾನೇ ಇಲ್ಲ ಅನ್ನೋದು? ಕೇಳದೇ ಇದ್ರೆ ಹೇಗಪ್ಪ ಇಲ್ಲ ಅಂತಾರೆ?"

ಹುಸೇನ ಹೆಗಲ ಮೇಲಿನ ಟವೆಲ್ ತೆಗೆದು ಕೊಟ್ಟ. ಬಿಳಿ ಅಂಗಿ ಎತ್ತಿದೆ. ಮುದ್ದೆ, ಸಾರು ಎರಡನ್ನೂ ಟವೆಲ್ಲಿನಲ್ಲಿ ಸುತ್ತಿ ಹೊಟ್ಟೆಗೆ ಬಿಗಿದು ಕಟ್ಟಿಸಿಕೊಂಡೆ. ನನ್ನದು ಕಡ್ಡಿಯಂಥ ಶರೀರ. ಈಗ ಕಡ್ಡಿಗೆ ಗುಡಾಣ ಕಟ್ಟಿದ ಹಾಗಾಯಿತು. ವಾಚ್‌ಮನ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಧಾನಕ್ಕೆ ಸಾರ್, ಮೆಟ್ಟಿಲಿದೆ" ಎಂದು ಕರುಣೆಯಿಂದ ದಾರಿ ಬಿಟ್ಟ.

ಗೆದ್ದೆ! ಎಲ್ಲಾದರೂ ಮರೆಯಲ್ಲಿ ಗಂಟು ಬಿಚ್ಚೋಣವೆಂದರೆ ಹೆಜ್ಜೆ ಹೆಜ್ಜೆಗೂ ಸೀಟಿ ಹಿಡಿದ ಸಿಬ್ಬಂದಿ. ಅಷ್ಟರಲ್ಲಿ ಅಮ್ಮ ನನ್ನ ಕೈ ಹಿಡಿದು ಎಳೆದಳು. ಎದುರಿಗೆ ದೊಡ್ಡದೊಂದು ದೋಣಿ, ನೀರಿಲ್ಲದೆ, ಉಯ್ಯಾಲೆಯ ಹಾಗೆ ಆಕಾಶಕ್ಕೆ ಹೋಗಿ ಹೋಗಿ ಬರುತ್ತಿತ್ತು.

"ಏಮಿರಾ ಇದಿ!" ಬೆರಗಿಗೆ ಅಮ್ಮನ ಬಾಯಲ್ಲಿ ನಮ್ಮ ಕಡೆಯ ತೆಲುಗು ಬಂತು. "ಏನೋ ಇದು! ಬಾರೋ, ಇದ್ರಲ್ಲಿ ಹೋಗಣ!"

"ಮೊದಲು ಊಟ ಮಾಡಣಮ್ಮ."

"ಈಗ್ಲೇ ಎಂಥ ಊಟನೋ! ಬಾ ಅಂದ್ರೆ!"

ಕೂತೆವು. ಅಮ್ಮ, ಅವಳ ಪಕ್ಕದಲ್ಲಿ ನಾನು, ಹಿಂದೆ ಹುಸೇನ. ಮಡಿಲ ಮೇಲೆ ಅಡ್ಡಲಾಗಿ ಕಬ್ಬಿಣದ ಸರಳೊಂದು ಬಂದು ಕೂರಬೇಕು. ಕೂರಲಿಲ್ಲ. ನನ್ನ ಹೊಟ್ಟೆ ಅಡ್ಡ! ದೋಣಿ ನಡೆಸುವವನು ಬಂದು ಒತ್ತಿದ. "ಉಸಿರು ಎಳ್ಕೊಳ್ಳಿ ಸಾರ್." ಎಳೆದುಕೊಂಡೆ. ಮುದ್ದೆ ಎಳೆದುಕೊಳ್ಳಲಿಲ್ಲ. ಅವನು ಮೊಣಕಾಲು ಕೊಟ್ಟು ಒಂದು ಸಲ ಒತ್ತಿದ ನೋಡಿ, ಸರಳು ಟಕ್ ಎಂದು ಕೂತಿತು. ಅದೇ ಹೊತ್ತಿಗೆ ಅಂಗಿಯೊಳಗೆ ಪಚಕ್ ಎಂದಿತು.

ನಮ್ಮ ಮನೆಯ ಹುರುಳಿಕಾಳಿನ ಸಾರಿಗೆ ಅಮ್ಮ ಕೆಂಪು ಮೆಣಸಿನಕಾಯಿಯನ್ನು ಕೈಬಿಚ್ಚಿ ಹಾಕುತ್ತಾಳೆ. ನಾಲಿಗೆಗೆ ಅದು ಎಷ್ಟು ರುಚಿಯೋ ಹೊಕ್ಕುಳಿಗೆ ಅಷ್ಟೇ ಘೋರ! ದೋಣಿ ಮೇಲೆ ಹೋಯಿತು. "ಅಯ್ಯೋ, ಉರಿ! ನಿಲ್ಲಿಸ್ರೋ!" ಎಂದು ಕಿರುಚಿದೆ. ಅಮ್ಮನೂ ಕಿರುಚಿದಳು, ಆದರೆ ಖುಷಿಗೆ! ಇಡೀ ದೋಣಿಯೇ ಕಿರುಚುತ್ತಿದ್ದಾಗ ನನ್ನ ಆರ್ತನಾದವನ್ನು ಬೇರೆ ಮಾಡಿ ಕೇಳುವವರು ಯಾರು? ನಡೆಸುವವನು ನನ್ನ ಉತ್ಸಾಹಕ್ಕೆ ಮೆಚ್ಚಿ ವೇಗ ಹೆಚ್ಚಿಸಿದ.

ದೋಣಿ ನಿಂತಾಗ ನನ್ನ ಬಿಳಿ ಅಂಗಿ ಎದೆಯಿಂದ ಸೊಂಟದವರೆಗೆ ಕೆಂಪಾಗಿತ್ತು.

"ರಕ್ತ!" ಎಂದು ಯಾರೋ ಕೂಗಿದರು. ಸೀಟಿಗಳು ಮೊಳಗಿದವು. "ಏನೂ ಆಗಿಲ್ಲ" ಎನ್ನಲು ಬಾಯಿ ತೆರೆದರೆ ತಲೆ ಸುತ್ತಿ ಮಾತೇ ಹೊರಡಲಿಲ್ಲ. ಸ್ಟ್ರೆಚರ್ ಬಂತು. ನನ್ನನ್ನು ಮಲಗಿಸಿಕೊಂಡು ಓಡಿದರು. ದಾರಿಯುದ್ದಕ್ಕೂ ಜನ "ಪಾಪ, ಉಳಿಯಲ್ಲ" ಎನ್ನುತ್ತಿದ್ದುದು ನನಗೇ ಕೇಳಿಸುತ್ತಿತ್ತು.

ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ನರ್ಸಮ್ಮ ಮೆಲ್ಲಗೆ ಅಂಗಿ ಎತ್ತಿದರು. ಟವೆಲ್ ಬಿಚ್ಚಿದರು. ಬಾಳೆಲೆ ಸರಿಸಿದರು. ಆಮೇಲೆ ಮೂಗು ಅರಳಿಸಿ, "ಹುರುಳಿಕಾಳಾ?" ಎಂದರು.

ಮ್ಯಾನೇಜರು ಬಂದರು. ಮಲಗಿದ್ದಲ್ಲಿಂದಲೇ ನಾನು ಕೈಮುಗಿದು ಭಾಷಣ ಮಾಡಿದೆ. "ಸ್ವಾಮಿ, ನನಗೆ ಏನು ಬೇಕಾದರೂ ಶಿಕ್ಷೆ ಕೊಡಿ. ಆದರೆ ನನ್ನ ತಾಯಿ ಜನ್ಮದಲ್ಲಿ ಹೊರಗಿನ ಅನ್ನ ಮುಟ್ಟಿದವಳಲ್ಲ. ಅವಳಿಗೆ ಈ ಮುದ್ದೆಯೊಂದನ್ನು ತಲುಪಿಸಿ!"

ಮ್ಯಾನೇಜರ ಕಣ್ಣಲ್ಲಿ ನೀರು ಬಂತು. "ಇಂಥ ಮಕ್ಕಳು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ! ಬಾಗಿಲಲ್ಲೇ ಕೇಳಿದ್ರೆ ಬಿಡ್ತಿದ್ವಲ್ರೀ" ಎಂದರು. ಮರುಕ್ಷಣವೇ ಪಾರ್ಕಿನ ಮೂಲೆಮೂಲೆಯ ಮೈಕಿನಲ್ಲೂ ಮೊಳಗಿತು: "ಗೌರಿಬಿದನೂರಿನಿಂದ ಬಂದಿರುವ ಮುನಿಲಕ್ಷ್ಮಮ್ಮನವರು ಎಲ್ಲೇ ಇದ್ದರೂ ಕೂಡಲೇ ಕ್ಯಾಂಟೀನ್ ಬಳಿ ಬರಬೇಕು. ನಿಮ್ಮ ಮಗ ಮುದ್ದೆಯೊಂದಿಗೆ ಬರುತ್ತಿದ್ದಾರೆ!"

ನಮ್ಮ ಫ್ಯಾಕ್ಟರಿಯವರೆಲ್ಲ ಕೇಳಿಸಿಕೊಂಡರು. ಜಯಂಟ್ ವೀಲಿನ ತುದಿಯಲ್ಲಿದ್ದವರೂ ಕೇಳಿಸಿಕೊಂಡರು.

ಮುದ್ದೆಯ ಗಂಟು ಹಿಡಿದು ನಾನು, ಹಿಂದೆ ಮ್ಯಾನೇಜರು, ಅವರ ಹಿಂದೆ ನರ್ಸಮ್ಮ, ಹೀಗೆ ಮೆರವಣಿಗೆಯಲ್ಲಿ ಕ್ಯಾಂಟೀನಿಗೆ ಹೋದರೆ ಅಮ್ಮ ಆಗಲೇ ಅಲ್ಲಿದ್ದಳು. ಹುಸೇನನ ಎದುರು ಕಾಲು ಇಳಿಬಿಟ್ಟು ಕೂತು ಪಲಾವ್ ಮುಗಿಸಿ, ಐಸ್‌ಕ್ರೀಮಿಗೆ ಕೈ ಹಾಕಿದ್ದಳು!

"ಅಮ್ಮ! ನಿನಗೆ ನನ್ನ ಚಿಂತೇನೇ ಇಲ್ವಾ? ಸ್ಟ್ರೆಚರಲ್ಲಿ ಹೊತ್ಕೊಂಡೋದ್ರು!"

"ನಿನ್ನ ಅಂಗೀನ ಮುಟ್ಟಿ ಮೂಸಿ ನೋಡ್ದೆ ಕಣೋ. ನಾನು ಮಾಡಿದ ಸಾರು ನನಗೆ ಗೊತ್ತಾಗಲ್ವಾ? ಸಾರು ಸಾರು ಅಂತ ಬಡ್ಕೊಂಡೆ. ಆ ಸೀಟಿಯವ್ರು ಕೇಳ್ಬೇಕಲ್ಲ!"

"ಮತ್ತೆ ಇದು? ನೀನು ಹೊರಗಡೆ ತಿನ್ನಲ್ಲ ಅಂತ ನಾನು ಮುದ್ದೇನ ಹೊಟ್ಟೆಗೆ ಕಟ್ಕೊಂಡು..."

ಅಮ್ಮ ಚಮಚ ಕೆಳಗಿಟ್ಟಳು.

"ನಾನ್ಯಾವಾಗಪ್ಪ ತಿನ್ನಲ್ಲ ಅಂದೆ? ಯಾರೂ ಕರ್ಕೊಂಡೋಗಿಲ್ಲ ಅಷ್ಟೆ. ಮುದ್ದೆ ಕಟ್ಟಿದ್ದು ನಿನಗೋಸ್ಕರ! ಮಧ್ಯಾಹ್ನ ಮುದ್ದೆ ಇಲ್ದಿದ್ರೆ ಸಾಯಂಕಾಲದವರ್ಗೂ ಮುಖ ಊದಿಸ್ಕೊಂಡಿರೋನು ನೀನು. ನಾನು ಮದುವೆ ಆಗಿ ಬಂದಾಗಿಂದ ದಿನಾ ಮುದ್ದೆ ತಿರುವಿ ತಿರುವಿ ನನ್ನ ರಟ್ಟೆ ಬಿದ್ದೋಗಿದೆ. ಒಂದು ದಿನ ಇನ್ನೊಬ್ರು ಬೇಯಿಸಿದ್ದನ್ನ ಕೂತ್ಕೊಂಡು ತಿನ್ನಣ ಅಂತಲೇ ಬಂದೆ ಕಣೋ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ದೋಣಿಗಿಂತ ಆ ಐಸ್‌ಕ್ರೀಮ್ ಅವಳ ಮುಖದಲ್ಲಿ ಹೆಚ್ಚು ಸಂತೋಷ ತಂದಿತ್ತು. ಇಷ್ಟು ವರ್ಷ ಒಂದು ಮಾತು ಕೇಳಲಿಲ್ಲವಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು. ಮ್ಯಾನೇಜರು ಅಮ್ಮನ ತಟ್ಟೆ ನೋಡಿದರು, ನನ್ನನ್ನು ನೋಡಿದರು, ಕಣ್ಣು ಒರೆಸಿಕೊಂಡಿದ್ದ ಕರ್ಚೀಫನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಟುಹೋದರು.

ಇನ್ನು ಮುದ್ದೆ. ಚಪ್ಪಟೆಯಾಗಿ, ಮಧ್ಯದಲ್ಲಿ ಸರಳಿನ ಗುರುತು ಹೊತ್ತು ಕೂತಿತ್ತು. ಸಾರೆಲ್ಲ ಅಂಗಿಯ ಪಾಲಾಗಿತ್ತು. ಆದರೆ ಅಮ್ಮ ಹೇಳಿದ್ದು ಸುಳ್ಳಲ್ಲ. ಮುಖ ಆಗಲೇ ಊದಿಕೊಳ್ಳಲು ಶುರುವಾಗಿತ್ತು! ಕ್ಯಾಂಟೀನಿನವರ ಹತ್ತಿರ ಇಷ್ಟು ಸಾಂಬಾರು ಬೇಡಿ ಎರಡೂ ಮುದ್ದೆಯನ್ನು ಒಂದು ಚೂರೂ ಬಿಡದೆ ನುಂಗಿದೆ.

"ಆಯ್ತಾ? ಏಳು, ಆ ದೋಣೀಲಿ ಇನ್ನೊಂದ್ಸಲ ಹೋಗಣ" ಎಂದಳು ಅಮ್ಮ. "ಈಗ ಹೊಟ್ಟೆಗೆ ಏನೂ ಕಟ್ಕೊಂಡಿಲ್ವಲ್ಲ."

ಹೋದೆವು. ಕೂತೆವು. ದೋಣಿಯವನು ನನ್ನ ಗುರುತು ಹಿಡಿದು ನಕ್ಕು, ಸರಳು ಇಳಿಸಿದ.

ಈ ಸಲವೂ ಕೂರಲಿಲ್ಲ!