ಕಾಕಾ ಆರಿಸಿದ ಮಾಸ್ಕಿನ ಪಟ್ಟಿ

ನಮ್ಮ ಕಾಕಾನಷ್ಟು ತಲೆ ತಿನ್ನುವ ಗಿರಾಕಿ ಇಡೀ ಮುಂಬೈಯಲ್ಲಿ ಇನ್ನೊಬ್ಬರಿದ್ದರೆ ತೋರಿಸಿ! ಈಜು ಬಾರದ ಮನುಷ್ಯ. ಜುಹು ಬೀಚಿಗೆ ಹೋದರೂ ಚಪ್ಪಲಿ ಒದ್ದೆಯಾಗದಷ್ಟು ದೂರದಲ್ಲಿ ನಿಂತು ಸಮುದ್ರಕ್ಕೆ ಕೈಮುಗಿದು ಬರುವವರು. ಅಂಥವರು ಈಜು ಸಾಮಾನಿನ ಅಂಗಡಿಗಳಿಗೆ ವಾರವಾರ ಎಡತಾಕಿದರೆಂದರೆ ನಂಬುತ್ತೀರಾ?

ಕಾರಣ ಅವರ ಹೆಂಡತಿ, ನಮ್ಮ ಕಾಕು. ಕ್ಯಾನ್ಸರ್ ಚಿಕಿತ್ಸೆಯಿಂದ ಅವರ ಕೂದಲೆಲ್ಲ ಉದುರಿತ್ತು. ತಲೆಗೆ ದಿಂಬು ತಾಗಿದರೂ ಉರಿ. ಒಂದು ದಿನ ಟೀವಿಯಲ್ಲಿ ಕೊಂಕಣ ಕರಾವಳಿಯ ಮಾಲ್ವಣದ ಕಡಲು ನೋಡುತ್ತ, "ಒಮ್ಮೆ ನೀರಾಗ ಮಾರಿ ಇಟ್ಟು ಮೀನ ನೋಡಬೇಕ್ರೀ," ಅಂದರು. ನಮ್ಮ ಮುಲುಂಡಿನ ಮೀನು ಮಾರ್ಕೆಟ್ಟನ್ನು ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟುವ ಧಾರವಾಡದ ಹೆಂಗಸಿಗೆ ಎಂಥ ಆಸೆ! "ರಿಪೋರ್ಟ್ ಸರಿ ಬಂದರೆ ದೀಪಾವಳಿ ಆದಮೇಲೆ ಹೋಗಿಬನ್ನಿ," ಎಂದರು ಡಾಕ್ಟರು. ಆ 'ಬಂದರೆ' ಎಂಬುದನ್ನು ಕಾಕಾ ಕೇಳಿಸಿಕೊಳ್ಳಲೇ ಇಲ್ಲ.

ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕು, ಉಸಿರಾಡಲು ಸ್ನಾರ್ಕೆಲ್ ಎಂಬ ಬಾಗಿದ ಕೊಳವೆ, ಇಷ್ಟೇ ಬೇಕಾದದ್ದು. ಆದರೆ ಮಾಸ್ಕಿನ ಹಿಂದಿನ ಪಟ್ಟಿ ರಬ್ಬರಿನದು. ಅದು ಕಾಕುವಿನ ಬೋಳುತಲೆಗೆ ಒತ್ತಬಾರದು, ಸಡಿಲವಾಗಿ ನೀರೂ ನುಗ್ಗಬಾರದು. ಕಾಂದಿವಲಿಯ ಅಂಗಡಿಯವನು ಕಾಕಾನ ಪ್ರಶ್ನೆಗಳಿಗೆ ಬೇಸತ್ತು ಒಂದು ಮಾಸ್ಕನ್ನು ಕೈಗಿತ್ತು, "ಅಂಕಲ್, ಘರ್ ಲೇ ಜಾಕೆ ದೇಖೋ," ಎಂದ. ಮನೆಯವರೆಗೆ ಕಾಯುವ ಜಾಯಮಾನವೇ ಅದು? ಕಾಂದಿವಲಿ ಲೋಕಲ್‌ನಲ್ಲೇ ಹಾಕಿಕೊಂಡರು! ಕೊಳವೆ ಸಮೇತ! ಎದುರಿನವನೊಬ್ಬ ಮುಂದೆ ರೈಲು ಹಳಿ ಮಳೆನೀರಲ್ಲಿ ಮುಳುಗಿತೇನೋ ಎಂಬ ಗಾಬರಿಯಿಂದ, "ಅಂಕಲ್, ದಾದರ್ ಮೆ ಪಾನಿ ಭರ್ ಗಯಾ ಕ್ಯಾ?" ಎಂದು ಕೇಳಿ ಎದ್ದು ಸೀಟು ಬಿಟ್ಟುಕೊಟ್ಟನಂತೆ.

ಆದರೂ ಕಾಕಾನಿಗೆ ಸಮಾಧಾನವಿಲ್ಲ. ತಮ್ಮ ತಲೆಯಲ್ಲಿ ದಟ್ಟ ಕೂದಲಿದೆ. ಬರಿಯ ಚರ್ಮಕ್ಕೆ ಪಟ್ಟಿ ಹೇಗೆ ಒತ್ತುತ್ತದೆಂದು ತಿಳಿಯುವುದು ಹೇಗೆ? ಮರುದಿನ ಹೋಗಿ ತಲೆ ಬೋಳಿಸಿಕೊಂಡು ಬಂದೇಬಿಟ್ಟರು!

ಹೆಂಡತಿಗೆ ಹುಷಾರಿಲ್ಲದ ಮನೆಯಲ್ಲಿ ಗಂಡಸು ತಲೆ ಬೋಳಿಸಿಕೊಂಡು ಲಿಫ್ಟಿನಲ್ಲಿ ಕಾಣಿಸಿದರೆ ಬಿಲ್ಡಿಂಗಿನವರು ಏನೆಂದುಕೊಳ್ಳಬೇಕು? ಸಂಜೆ ಸೊಸೈಟಿಯ ಸೆಕ್ರೆಟರಿ ನಾಲ್ಕು ಜನರೊಂದಿಗೆ ಬಿಳಿ ಅಂಗಿ ತೊಟ್ಟು, ಮುಖ ಇಳಿಬಿಟ್ಟುಕೊಂಡು ಬಂದರು. ಬಾಗಿಲು ತೆರೆದವರು ಸಾಕ್ಷಾತ್ ಕಾಕು!

"ಭಾಭೀ... ಆಪ್?" ಸೆಕ್ರೆಟರಿ ಒಂದು ಹೆಜ್ಜೆ ಹಿಂದೆ ಸರಿದರು.

ಕಾಕುವಿಗೆ ಕ್ಷಣದಲ್ಲೇ ಅರ್ಥವಾಯಿತು. ಒಳಗೆ ತಿರುಗಿ ಕೂಗಿದರು: "ರೀ, ನಾ ಹೋದೆ ಅಂತ ನಿಮಗ ಸಮಾಧಾನ ಹೇಳಾಕ ಬಂದಾರ. ಚಾ ನಾನ ಮಾಡ್ಲೇನು?"

ಕೆಮ್ಮು ಬರುವಷ್ಟು ನಕ್ಕರು ಕಾಕು. ನಾನೂ ನಕ್ಕೆ, ಬಂದವರೂ ನಾಚಿಕೊಂಡು ನಕ್ಕರು. ಮಾಸ್ಕು ಹಾಕಿಕೊಂಡೇ ಹೊರಬಂದ ಕಾಕಾ ಮಾತ್ರ ನಗಲಿಲ್ಲ.

ಕೊನೆಗೆ ಅಗಲವಾದ, ಮೆತ್ತನೆಯ ಬಟ್ಟೆಪಟ್ಟಿಯೊಂದು ಗೆದ್ದಿತು. ಬಿಗಿದು ಕಟ್ಟಬಾರದು, ಕಿವಿಯ ಮೇಲಲ್ಲ, ತಲೆಯ ಹಿಂದೆ ಉಬ್ಬಿದ ಕಡೆ ಕೂರಬೇಕು ಎಂದು ಕಾಕಾ ನಮಗೆಲ್ಲ ಪಾಠ ಹೇಳಿದ್ದೇ ಹೇಳಿದ್ದು. ಕಾಕು ಹಾಕಿ ನೋಡಿ, "ಹಾಕ್ಕೊಂಡಂಗs ಇಲ್ಲರೀ," ಅಂದರು. ಆ ದಿನ ಕಾಕಾ ಎರಡು ಚಪಾತಿ ಹೆಚ್ಚು ತಿಂದರು.

ರಿಪೋರ್ಟ್ ಸರಿ ಬರಲಿಲ್ಲ. ದೀಪಾವಳಿಗೆ ಮುಂಚೆಯೇ ಕಾಕುವನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು.

ಒಂದು ಮಧ್ಯಾಹ್ನ ನಾನು ಹೋದಾಗ ಕಾಕುವಿನ ಮುಖದ ಮೇಲೆ ಆಕ್ಸಿಜನ್ ಮಾಸ್ಕು. ಅದರ ತೆಳು ಎಲಾಸ್ಟಿಕ್ ಕಿವಿಯ ಮೇಲೆ ಕೆಂಪು ಗೆರೆ ಮೂಡಿಸಿತ್ತು. ಕಾಕಾ ಯಾರನ್ನೂ ಕೇಳಲಿಲ್ಲ. ಕಾಕುವಿನ ತಲೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದು, ಎಲಾಸ್ಟಿಕ್ಕನ್ನು ತುಸು ಸಡಿಲಿಸಿ, ಹಿಂದಕ್ಕೆ ಸರಿಸಿ, ಅಡಿಯಲ್ಲಿ ಹತ್ತಿ ಇಟ್ಟರು. ಮಾಸ್ಕು ಕದಲಲಿಲ್ಲ. ಕಾಕು ಕಣ್ಣು ತೆರೆದರು.

"ಮೀನ ಒಂದೂ ಕಾಣವಲ್ದಲ್ರೀ," ಅಂದರು, ತಮಾಷೆಗೋ ನಿಜಕ್ಕೋ ತಿಳಿಯದು.

ಕಾಕಾ ಬಾಗಿ ಅವರ ಕೈ ಹಿಡಿದುಕೊಂಡರು. "ನೀರು ಕಲಕೇತಿ. ಸ್ವಲ್ಪ ತಡಿ, ಬರ್ತಾವು. ನಾ ಇಲ್ಲೇ ನಿಂತೀನಿ."

ಸಂಜೆ ಕಾಕು ಹೋದರು. ನರ್ಸ್ ಬಂದು ಮಾಸ್ಕು ತೆಗೆದಾಗಲೂ ಕಾಕಾ ಆ ಕೈ ಬಿಟ್ಟಿರಲಿಲ್ಲ.